ದೂರದ ಗುರು, ಮನೆಯ ಶ್ರುತಿ

(ಪುಣೆಯ ಶಾಖಾ ಮಠದಲ್ಲಿ ಶ್ರೀ ಪುರಂದರದಾಸರ ಆರಾಧನೆಯ ಸಂದರ್ಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಆರಾಧನೆಯ ದಿನ ದಾಸರ ಜೀವನವನ್ನೂ ಅವರ ತತ್ತ್ವಪ್ರತಿಪಾದನೆಯನ್ನೂ ಕುರಿತು ವಿದ್ವಾಂಸರು ಮಾತನಾಡುವುದು ಈ ವೇದಿಕೆಯ ರೂಢಿ. ಆ ಅಧಿಕಾರ ನನಗಿಲ್ಲ. ಪ್ರಾಥಮಿಕ ಶಾಲೆಯಲ್ಲಿ 26 ವರ್ಷಗಳ ಕಾಲ ಒಂದನೆಯ ಇಯತ್ತೆಯಿಂದ ಐದನೆಯ ಇಯತ್ತೆಯವರೆಗಿನ ಮಕ್ಕಳಿಗೆ ಸ್ವರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಆದುದರಿಂದ ದಾಸರು ಮಕ್ಕಳ ಸಲುವಾಗಿ ಮಾಡಿಟ್ಟ ಕೆಲಸವನ್ನು ಕುರಿತು ಮಾತ್ರ ನಾಲ್ಕು ಮಾತು ಹೇಳುತ್ತೇನೆ. ಅದಕ್ಕೊಂದು ಪ್ರಸಕ್ತ ಕಾರಣವೂ ಉಂಟು. 2020ರ ಮಾರ್ಚಿನಲ್ಲಿ ಇಡೀ ದೇಶವೇ ಮನೆಯೊಳಗೆ ಕುಳಿತಾಗ ಈ ಮಠದ ಮಕ್ಕಳ ಸಂಗೀತ ತರಗತಿ ಮೊಬೈಲಿನ ಪರದೆಗೆ ಹೋಯಿತು. ಆಪತ್ಕಾಲ ಕಳೆದು ವರ್ಷಗಳಾದರೂ ಅದು ಅಲ್ಲಿಯೇ ಉಳಿದಿದೆ. ಹಾಗೆಯೇ ನಡೆಯಲಿ ಎನ್ನುವ ಪಾಲಕರಿದ್ದಾರೆ. ಮತ್ತೆ ಸಭಾಂಗಣಕ್ಕೆ ತನ್ನಿರಿ ಎನ್ನುವವರೂ ಇದ್ದಾರೆ. ಬರುವ ಯುಗಾದಿಯೊಳಗೆ ಮಂಡಳಿ ಒಂದು ತೀರ್ಮಾನಕ್ಕೆ ಬರಬೇಕಾಗಿರುವುದರಿಂದ ನನ್ನ ಅಭಿಪ್ರಾಯವನ್ನು ಕೇಳಿದ್ದಾರೆ. ಅದನ್ನು ಎಲ್ಲರ ಎದುರಿನಲ್ಲಿಯೇ ಹೇಳುವುದು ಲೇಸೆಂದು ನನಗೆ ತೋರಿತು.

ಸರಳೆ, ಜಂಟಿ, ದಾಟು, ಅಲಂಕಾರ, ಅನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಕರ್ನಾಟಕ ಸಂಗೀತದ ಪರಂಪರೆ ಒಪ್ಪಿಕೊಂಡು ಬಂದಿದೆ. ಅವರನ್ನು ಸಂಗೀತ ಪಿತಾಮಹರೆಂದು ಕರೆಯುವುದಕ್ಕೂ ಇದೇ ಮುಖ್ಯ ಕಾರಣ. ದಾಸರ ಕಾಲವನ್ನು 1484ರಿಂದ 1564 ಎಂದು ಹೇಳುವುದು ವಾಡಿಕೆ. ಅಂದರೆ ನಾಲ್ಕೂವರೆ ಶತಮಾನಗಳಿಗೂ ಹಿಂದೆ ಸಿದ್ಧವಾದ ಒಂದು ಬಾಲಪಾಠವನ್ನು ಇಂದಿಗೂ ತಂಜಾವೂರಿನ ಮಗುವೂ ಮೈಸೂರಿನ ಮಗುವೂ ಪುಣೆಯ ನಮ್ಮ ಮಗುವೂ ಕಲಿಯುತ್ತಿವೆ. ಇಷ್ಟು ದೀರ್ಘ ಕಾಲ ಬಾಳಿದ ಪ್ರಾಥಮಿಕ ಪಠ್ಯಪುಸ್ತಕ ಬೇರೆ ಯಾವುದಿದೆಯೋ ನನಗಂತೂ ಹೊಳೆಯದು. ನಮ್ಮ ಶಾಲೆಯ ಪುಸ್ತಕಗಳು ಹತ್ತು ವರ್ಷಕ್ಕೊಮ್ಮೆ ಬಣ್ಣ ಬದಲಿಸುತ್ತವೆ.

ಈ ಪಾಠಕ್ಕೆ ಮಾಯಾಮಾಳವಗೌಳವನ್ನೇ ಏಕೆ ಆರಿಸಿದರು? ಎಪ್ಪತ್ತೆರಡು ಮೇಳಗಳ ಎಣಿಕೆಯಲ್ಲಿ ಇದು ಹದಿನೈದನೆಯದು. ಷಡ್ಜದಿಂದ ರಿಷಭಕ್ಕೆ ಅತ್ಯಂತ ಕಿರಿದಾದ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ದೊಡ್ಡ ಜಿಗಿತ, ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಕಿರಿಯ ಹೆಜ್ಜೆ. ಪಂಚಮದಿಂದ ಮೇಲಿನ ಷಡ್ಜದವರೆಗೂ ಅದೇ ನಡೆ. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧ ಪರಿಚಿತವಾಗಿಯೇ ಇರುತ್ತದೆ. ಹೆಜ್ಜೆಗಳು ಒಂದೇ ಅಳತೆಯಲ್ಲಿ ಇಲ್ಲದಿರುವುದರಿಂದ ತಪ್ಪಿದರೆ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಮಕ್ಕಳ ಗಂಟಲನ್ನೂ ಕಿವಿಯನ್ನೂ ಚೆನ್ನಾಗಿ ಬಲ್ಲವರು ಮಾತ್ರ ಮಾಡಬಹುದಾದ ಆಯ್ಕೆ ಇದು.

ಆದರೆ ಈ ಕ್ರಮ ರೂಪುಗೊಂಡದ್ದು ಗುರುವೂ ಶಿಷ್ಯನೂ ಎದುರು ಬದುರು ಕುಳಿತುಕೊಳ್ಳುವ ಲೋಕದಲ್ಲಿ. ಅದನ್ನು ದೂರದಿಂದ ಹೇಳಿಕೊಡಬಹುದೇ ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಕಲ್ಕತ್ತೆಯ ಬಾನುಲಿ ಕೇಂದ್ರದಿಂದ ಪಂಕಜ ಮಲ್ಲಿಕ್ ಅವರು 1929ರಿಂದ 1975ರವರೆಗೆ ಸಂಗೀತ ಪಾಠವನ್ನು ನಡೆಸಿಕೊಟ್ಟರು. ಅವರು ಒಂದೊಂದು ಸಾಲನ್ನು ಬಿಡಿಸಿ ಬಿಡಿಸಿ ಹಾಡುವುದು, ಬಂಗಾಳದ ಮನೆಮನೆಗಳಲ್ಲಿ ಜನ ರೇಡಿಯೋದ ಮುಂದೆ ಕುಳಿತು ಅದನ್ನು ಹಿಂಬಾಲಿಸುವುದು, ಹೀಗೆ ಒಂದಲ್ಲ ಎರಡಲ್ಲ, ನಾಲ್ಕು ದಶಕಗಳಿಗೂ ಮೀರಿ ನಡೆಯಿತು. ಬ್ರಿಟನ್ನಿನ ಬಿ.ಬಿ.ಸಿ. 1939ರಲ್ಲಿ, ಯುದ್ಧದ ದಿನಗಳಲ್ಲಿ, ಶಾಲೆಯ ಮಕ್ಕಳಿಗಾಗಿ ಕೂಡಿ ಹಾಡುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಈ ಎಲ್ಲ ಪ್ರಯತ್ನಗಳಲ್ಲಿಯೂ ಒಂದೇ ಕೊರತೆ. ಗುರುವಿನ ಹಾಡು ಶಿಷ್ಯನಿಗೆ ಕೇಳುತ್ತಿತ್ತು, ಶಿಷ್ಯನ ಹಾಡು ಗುರುವಿಗೆ ಕೇಳುತ್ತಿರಲಿಲ್ಲ. 2003ರಲ್ಲಿ ಸ್ಕೈಪ್ ಬಂದ ಮೇಲೆ ಆ ಕೊರತೆ ನೀಗಿತು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಮೊಮ್ಮಕ್ಕಳು ಬೆಂಗಳೂರು, ಚೆನ್ನೈಗಳ ವಿದ್ವಾಂಸರಿಂದ ಪಾಠ ಹೇಳಿಸಿಕೊಳ್ಳತೊಡಗಿದರು. ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ಕಣ್ಣು ಮುಚ್ಚಿತು. ಅದು ಹಾಕಿಕೊಟ್ಟ ಅಭ್ಯಾಸ ಮಾತ್ರ ಬೇರೆ ಬೇರೆ ಹೆಸರುಗಳಲ್ಲಿ ಮುಂದುವರಿದಿದೆ.

ಶಾಲೆಗಳ ಕಥೆ ಬೇರೆ. ಕೇಂದ್ರ ಸರಕಾರ 2020ರ ಜುಲೈನಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿ, ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳಿಗಿಂತ ಹೆಚ್ಚು ಬೇಡ ಎಂದು ಹೇಳಿತು. ಮಕ್ಕಳ ಕಣ್ಣಿನ ದೃಷ್ಟಿಯಿಂದ ಅದು ಯೋಗ್ಯವಾದ ಮಾತೇ. ಆದರೆ ವೇಳಾಪತ್ರಿಕೆಯನ್ನು ಹಿಂಡಿದಾಗ ಮೊದಲು ಉದುರಿದ್ದು ಸಂಗೀತದ ಅವಧಿ. ನನಗೆ ಗೊತ್ತಿರುವ ಶಾಲೆಯೊಂದರಲ್ಲಿ ಸಂಗೀತದ ಶಿಕ್ಷಕಿಯನ್ನು ಹಾಜರಾತಿ ತೆಗೆದುಕೊಳ್ಳುವ ಕೆಲಸಕ್ಕೆ ಹಾಕಿದರು. ಅದೇ ಜುಲೈ ತಿಂಗಳಲ್ಲಿ ಅಂಗೀಕಾರವಾದ ರಾಷ್ಟ್ರೀಯ ಶಿಕ್ಷಣ ನೀತಿ, ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದು ಸಾರುತ್ತಿತ್ತು ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಹೀಗಾಗಿ ಶಾಲೆ ಬಿಟ್ಟ ಕೆಲಸ ಮನೆಗೆ ಬಂತು.

ಈಗ ಮನೆಯ ಪಾಠದಲ್ಲಿ ನಿಜವಾಗಿ ಏನಾಗುತ್ತದೆ ಎಂಬುದನ್ನು ನೋಡೋಣ. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕಾಗುತ್ತದೆ, ಬೇಸರಿಸಬಾರದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಎದುರಿಗೆ ಒಂದು ಮೀಟರ್ ದೂರದಲ್ಲಿ ಕುಳಿತ ಮಗುವಿನ ಸ್ವರ ನನ್ನನ್ನು ತಲುಪಲು ಸೆಕೆಂಡಿನ ಸಾವಿರದ ಮೂರು ಭಾಗ ಸಾಕು. ವಿಡಿಯೋ ಕರೆಯಲ್ಲಿ ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ, ಕಟ್ಟು ಕಟ್ಟಿ ಕಳುಹಿಸಿ, ಆ ಕಡೆಯಲ್ಲಿ ಮತ್ತೆ ಬಿಚ್ಚಬೇಕು. ಇದಕ್ಕೆ ಸೆಕೆಂಡಿನ ಹತ್ತರಲ್ಲಿ ಎರಡು ಭಾಗ ಹಿಡಿಯುವುದು ಸಾಮಾನ್ಯ. ಹೋಗಿ ಬರಲು ಹತ್ತರಲ್ಲಿ ನಾಲ್ಕು ಭಾಗ. ಮಾತುಕತೆಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಹಾಡಿನಲ್ಲಿ? ನಿಮಿಷಕ್ಕೆ ಅರವತ್ತು ಎಣಿಕೆಯಂತೆ ಆದಿತಾಳ ಹಾಕಿದರೆ ಮೊದಲನೆಯ ಕಾಲದಲ್ಲಿ ಸ್ವರಕ್ಕೆ ಒಂದು ಸೆಕೆಂಡು, ಎರಡನೆಯ ಕಾಲದಲ್ಲಿ ಅರ್ಧ, ಮೂರನೆಯ ಕಾಲದಲ್ಲಿ ಕಾಲು ಸೆಕೆಂಡು. ಮೂರನೆಯ ಕಾಲದಲ್ಲಿ ನಾನೂ ಮಗುವೂ ಕೂಡಿ 'ಸರಿಗಮ' ಹಾಡಹೊರಟರೆ, ನಾನು 'ಮ' ಎನ್ನುವಾಗ ನನಗೆ ಆ ಕಡೆಯಿಂದ 'ರಿ' ಕೇಳಿಬರುತ್ತದೆ. ಮಗು ಸರಿಯಾಗಿ ನನ್ನ ಹಿಂದೆಯೇ ಹಾಡುತ್ತಿರುತ್ತದೆ. ನಾನು ಮಾತ್ರ 'ತಾಳ ತಪ್ಪಿತು' ಎಂದು ಗದರಿಸುವ ಸ್ಥಿತಿಯಲ್ಲಿರುತ್ತೇನೆ. ಆ ಮಗುವಿನ ಪಾಲಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಮತ್ತೊಂದಿಲ್ಲ.

ಆದ್ದರಿಂದ ದೂರದ ಪಾಠದಲ್ಲಿ ಕೂಡಿ ಹಾಡುವುದು ಅಸಾಧ್ಯ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಅದಕ್ಕೆ ದಾರಿ ನಮ್ಮ ಮಠಗಳಲ್ಲಿಯೇ ಇದೆ. ವೇದಪಾಠದಲ್ಲಿ ಸಂಥೆ ಹೇಳುವ ಕ್ರಮವನ್ನು ಇಲ್ಲಿರುವವರೆಲ್ಲ ಬಲ್ಲಿರಿ. ಗುರುಗಳು ಒಮ್ಮೆ ಹೇಳುತ್ತಾರೆ, ವಿದ್ಯಾರ್ಥಿ ಎರಡು ಸಲ ಹೇಳುತ್ತಾನೆ. ಗುರುಗಳು ಹೇಳುವಾಗ ವಿದ್ಯಾರ್ಥಿ ಕೇಳುತ್ತಾನೆ, ವಿದ್ಯಾರ್ಥಿ ಹೇಳುವಾಗ ಗುರುಗಳು ಕೇಳುತ್ತಾರೆ. ಅಂತರ್ಜಾಲದ ವಿಳಂಬಕ್ಕೆ ಈ ಪದ್ಧತಿಯಲ್ಲಿ ಜಾಗವೇ ಇಲ್ಲ. ನಾನು ಒಂದು ಆವರ್ತ ಹಾಡಿ ನನ್ನ ಮೈಕನ್ನು ಮುಚ್ಚುತ್ತೇನೆ. ಮಗು ತಾನೇ ಗಟ್ಟಿಯಾಗಿ ತೊಡೆ ತಟ್ಟಿ ತಾಳ ಹಾಕಿಕೊಂಡು ಎರಡು ಆವರ್ತ ಹಾಡುತ್ತದೆ. ತಾಳ ನನ್ನ ಕೈಯಲ್ಲಿಲ್ಲದ ಕಾರಣ ಮಗುವಿನ ಕೈಗೆ ಹೋಗಲೇಬೇಕು. ನಿಜ ಹೇಳಬೇಕೆಂದರೆ, ತರಗತಿಯಲ್ಲಿ ಮೂವತ್ತು ಮಕ್ಕಳ ನಡುವೆ ಬರಿದೇ ಕೈಯಾಡಿಸುತ್ತ ಕುಳಿತು ತಾಳ ಬಾರದೆಯೇ ದಾಟಿಹೋಗುತ್ತಿದ್ದ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಪರದೆಯ ಎದುರು ಆ ಮರೆ ಸಿಗುವುದಿಲ್ಲ.

ಶ್ರುತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ಕರೆಗಳ ತಂತ್ರಾಂಶವನ್ನು ರಚಿಸಿರುವುದು ಮಾತಿಗಾಗಿ. ಎಡೆಬಿಡದೆ ಒಂದೇ ಸಮನೆ ಬರುವ ನಾದವನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತದೆ. ಅಂದರೆ ತಂಬೂರಿಯನ್ನೇ ಅಳಿಸುತ್ತದೆ! ದೀರ್ಘವಾಗಿ ನಿಲ್ಲಿಸಿದ ಷಡ್ಜವೂ ನಡುವೆ ಕುಸಿದು ಮತ್ತೆ ಏಳುತ್ತದೆ. ಮಗುವಿಗೆ ಉಸಿರು ಸಾಲದೆಂದು ನಾವು ಭಾವಿಸುತ್ತೇವೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಎಂಬ ಆಯ್ಕೆಯಿದೆ, 2020ರಲ್ಲಿ ಸಂಗೀತಕ್ಕೆಂದೇ ಇನ್ನೊಂದು ಸೌಲಭ್ಯವನ್ನೂ ಸೇರಿಸಿದರು. ಎರಡನ್ನೂ ಒತ್ತಿಟ್ಟರೆ ತಂಬೂರಿ ಉಳಿದುಕೊಳ್ಳುತ್ತದೆ. ಆದರೂ ನನ್ನ ನಿಯಮ ಇದು: ಶ್ರುತಿ ಮಗುವಿನ ಕೋಣೆಯಲ್ಲಿಯೇ ಮೊಳಗಬೇಕು. ಗುರುವಿನ ಮನೆಯ ಶ್ರುತಿಯನ್ನು ತಂತಿಯ ಮೂಲಕ ತರಿಸಿಕೊಳ್ಳಬಾರದು. ಬೆಂಗಳೂರಿನ ಜಿ. ರಾಜನಾರಾಯಣ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಮಧ್ಯಮ ವರ್ಗದ ಮನೆಗೂ ಶ್ರುತಿ ಬಂದಿತು. ಈಗಂತೂ ಮೊಬೈಲಿನಲ್ಲಿಯೇ ಸಿಗುತ್ತದೆ. ಪಾಠಕ್ಕೆ ಒಂದು ಫೋನು, ಶ್ರುತಿಗೆ ಮನೆಯಲ್ಲಿರುವ ಇನ್ನೊಂದು ಹಳೆಯ ಫೋನು, ಇಷ್ಟಾದರೆ ಸಾಕು. ಚಿಕ್ಕ ಮಕ್ಕಳ ಶ್ರುತಿ ಸಾಮಾನ್ಯವಾಗಿ ಐದು ಮನೆಯ ಆಸುಪಾಸಿನಲ್ಲಿರುತ್ತದೆ. ಗಂಡಸರು ಪಾಠ ಹೇಳುವಲ್ಲಿ ತಮ್ಮ ಒಂದು ಮನೆಯ ಶ್ರುತಿಗೆ ಮಗುವನ್ನು ಎಳೆಯದಿರಲಿ. ಎರಡು ಕಿವಿಗೂ ಇಯರ್‌ಫೋನ್ ತುರುಕಬೇಡಿರಿ, ಮಗುವಿಗೆ ತನ್ನ ಸ್ವರವೇ ಕೇಳದಂತಾಗುತ್ತದೆ. ಬ್ಲೂಟೂತ್ ಬೇಡವೇ ಬೇಡ, ಅದು ತನ್ನದೂ ಒಂದಿಷ್ಟು ವಿಳಂಬವನ್ನು ಸೇರಿಸುತ್ತದೆ.

ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮ ಮಕ್ಕಳಿಗೆ ಮಾತ್ರ ಬರುವ ತೊಡಕೊಂದಿದೆ, ಬೆಂಗಳೂರಿನ ಗುರುಗಳಿಗೆ ಅದು ತಿಳಿಯುವುದಿಲ್ಲ. ಇಲ್ಲಿಯ ಶಾಲೆಗಳಲ್ಲಿ ಹಾರ್ಮೋನಿಯಂ ಮೇಲೆ ಮೊದಲು ನುಡಿಸುವ ಸ್ವರಗಳು ಬಿಲಾವಲ್ ಥಾಟಿನವು, ಅಂದರೆ ನಮ್ಮ ಶಂಕರಾಭರಣದವು. ಬೆಳಿಗ್ಗೆ ಶಾಲೆಯಲ್ಲಿ ಆ 'ರೇ' ಹಾಡಿದ ಮಗು ಸಂಜೆ ಮನೆಯಲ್ಲಿ ಮಾಯಾಮಾಳವಗೌಳದ 'ರಿ' ಹಾಡಬೇಕು. ಹೆಸರು ಇನ್ನೂ ಗೊಂದಲ. ಅಲ್ಲಿ 'ಶುದ್ಧ ರೇ' ಎಂದರೆ ಎತ್ತರದ ಸ್ವರ, ಇಲ್ಲಿ 'ಶುದ್ಧ ರಿಷಭ' ಎಂದರೆ ತಗ್ಗಿನ ಸ್ವರ, ಅವರು 'ಕೋಮಲ' ಎನ್ನುವಂಥದು. ಒಂದೇ ಪದ, ಎರಡು ಸ್ಥಾನ. ದೂರದ ಗುರುಗಳು 'ಶುದ್ಧ ರಿಷಭ ಹಾಡು' ಎನ್ನುತ್ತಾರೆ, ಮಗು ಶಾಲೆಯಲ್ಲಿ ಕಲಿತದ್ದನ್ನು ಹಾಡುತ್ತದೆ, ಗುರುಗಳು ಕಿವಿ ಇಲ್ಲದ ಮಗು ಎಂದುಕೊಳ್ಳುತ್ತಾರೆ. ಇದಕ್ಕೆ ಪರಿಹಾರ ಸುಲಭ. ನಮ್ಮ ಮಾಯಾಮಾಳವಗೌಳದ ಸ್ವರಗಳೇ ಅವರ ಭೈರವ್ ಥಾಟಿನ ಸ್ವರಗಳು. 'ಇದು ಭೈರವ್, ಮಗೂ' ಎಂದು ಒಂದು ಮಾತು ಹೇಳಿದರೆ ಶಾಲೆಯ ಪಾಠವೂ ಮನೆಯ ಪಾಠವೂ ಜಗಳ ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತವೆ. ಮನೆಯವರು ಪಾಠ ಆರಂಭವಾಗುವ ಮೊದಲೇ ಗುರುಗಳಿಗೆ ಮಗುವಿನ ಶಾಲೆಯಲ್ಲಿ ಏನು ಕಲಿಸುತ್ತಾರೆಂದು ತಿಳಿಸಬೇಕು.

ಬರವಣಿಗೆಯೂ ಹಾಗೆಯೇ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬರೆಯಲು ಬಾರದು. ಸ್ವರಗಳನ್ನು ದೇವನಾಗರಿಯಲ್ಲಿಯೋ ಇಂಗ್ಲಿಷ್ ಅಕ್ಷರಗಳಲ್ಲಿಯೋ ಬರೆದುಕೊಳ್ಳುತ್ತಾರೆ. ಸರಳೆ ವರಸೆಗೆ ಬೇಕಾಗುವುದು ಏಳೇ ಅಕ್ಷರ. ಆ ಏಳನ್ನು ಕನ್ನಡದಲ್ಲಿ ಬರೆಯಿಸಿರೆಂದು ನಾನು ತಾಯಂದಿರಿಗೆ ಹೇಳುತ್ತ ಬಂದಿದ್ದೇನೆ. ಏಳು ಅಕ್ಷರ ಕಲಿತ ಮಗುವೊಂದು ಪಿಳ್ಳಾರಿ ಗೀತೆಗೆ ಬರುವ ಹೊತ್ತಿಗೆ ಉಳಿದವನ್ನೂ ತಾನಾಗಿ ಕೇಳಿ ಕಲಿತು, ರಜೆಯಲ್ಲಿ ಧಾರವಾಡಕ್ಕೆ ಹೋದಾಗ ಅಂಗಡಿಯ ಫಲಕಗಳನ್ನೆಲ್ಲ ಓದಿ ತನ್ನ ಸೋದರಮಾವನನ್ನು ದಣಿಸಿತಂತೆ.

ಮನೆಯವರ ಪಾತ್ರ ಏನು ಎಂದು ಪಾಲಕರು ಕೇಳುತ್ತಾರೆ. ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು. ಆದರೆ ಮಗುವಿನ ಪರವಾಗಿ ಉತ್ತರ ಕೊಡಬಾರದು. ಹಾಡಲು ಬಾರದ ತಾಯಿಯೂ ಶ್ರುತಿ ಹಚ್ಚಿಕೊಡಬಹುದು, ಲಘುವಿನ ಬೆರಳು ಎಣಿಕೆ ಕಿರುಬೆರಳಿನಿಂದ ಆರಂಭವಾಯಿತೇ ಎಂದು ನೋಡಬಹುದು. ನಮ್ಮ ತರಗತಿಯ ಏಳು ವರ್ಷದ ಹುಡುಗಿಯೊಬ್ಬಳ ಮನೆಯಲ್ಲಿ ಅಜ್ಜಿ ಇದ್ದಾರೆ. ಶಾಸ್ತ್ರೀಯವಾಗಿ ಏನೂ ಕಲಿತವರಲ್ಲ, ದೇವರನಾಮಗಳನ್ನು ಹೇಳುತ್ತಲೇ ಎಂಬತ್ತು ದಾಟಿದವರು. ಪಾಠ ನಡೆದಿರುವಾಗ ಅಡುಗೆಮನೆಯಿಂದಲೇ ಅವರ ಧ್ವನಿ ಬರುತ್ತದೆ: "ಪುಟ್ಟಿ, ಶ್ರುತಿ ಬಿಡ್ಲಿಕ್ಕತ್ತೀ ನೋಡವಾ, ಇನ್ನೊಮ್ಮೆ ಅನ್ನು." ತಂತ್ರಾಂಶ ನನ್ನಿಂದ ಮರೆಮಾಡಿದ ತಪ್ಪನ್ನು ಆ ಹಿರಿಯರು ಗೋಡೆಯ ಆಚೆಯಿಂದ ಹಿಡಿಯುತ್ತಾರೆ. ಇಂಥ ಕಿವಿಗಳು ಇನ್ನೂ ನಮ್ಮ ಮನೆಗಳಲ್ಲಿ ಇವೆ. ದೂರದ ಪಾಠ ಅವುಗಳನ್ನು ಮತ್ತೆ ಕೆಲಸಕ್ಕೆ ಹಚ್ಚಿದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಇನ್ನೊಂದು ಲಾಭವನ್ನೂ ಹೇಳಬೇಕು. ನೇರ ಪಾಠಕ್ಕಿಂತಲೂ ಮಕ್ಕಳು ವಾರದ ನಡುವೆ ಧ್ವನಿಮುದ್ರಿಸಿ ಕಳುಹಿಸುವ ಒಂದು ನಿಮಿಷದ ಹಾಡು ಹೆಚ್ಚು ಫಲ ಕೊಡುತ್ತದೆಂದು ನನ್ನ ಅನುಭವ. ಅದರಲ್ಲಿ ವಿಳಂಬದ ಕಾಟವಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಗುರುಗಳಿಗೆ ಕಳುಹಿಸುವ ಮುನ್ನ ಮಗು ಅದನ್ನು ತಾನೇ ಕೇಳಿ, ಮೆಚ್ಚದೆ, ಅಳಿಸಿ, ಮತ್ತೆ ಹಾಡಿರುತ್ತದೆ. 'ಐದು ಸಲ ಅಭ್ಯಾಸ ಮಾಡು' ಎಂದರೆ ಮಾಡದ ಮಗು ಎಂಟು ಸಲ ಮುದ್ರಿಸಿರುತ್ತದೆ. ನನ್ನ ಬಾಲ್ಯದಲ್ಲಿ ನನ್ನ ಸ್ವರ ನನಗೆ ಹೊರಗಿನಿಂದ ಕೇಳುವ ಅವಕಾಶವೇ ಇರಲಿಲ್ಲ.

ಇಷ್ಟೆಲ್ಲ ಅನುಕೂಲಗಳನ್ನು ಹೇಳಿದ ಮೇಲೆ ಹಾಗೆಯೇ ಮುಂದುವರಿಸೋಣ ಎಂದು ಹೇಳುತ್ತೇನೆಂದು ನೀವು ನಿರೀಕ್ಷಿಸಿರಬಹುದು. ಅಷ್ಟು ಸರಳವಾಗಿಲ್ಲ. ಹೆಚ್ಚುಕಡಿಮೆ ಎರಡು ವರ್ಷ ಪರದೆಯ ಮೂಲಕವೇ ಕಲಿತ ನಮ್ಮ ಮಕ್ಕಳನ್ನು ಕಳೆದ ದೀಪಾವಳಿಯ ರಜೆಯಲ್ಲಿ ಮೊದಲ ಬಾರಿಗೆ ಈ ಸಭಾಂಗಣದ ಜಮಖಾನೆಯ ಮೇಲೆ ಒಟ್ಟಿಗೆ ಕೂರಿಸಿದೆವು. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಹಾಡಿದಾಗ ಶ್ರುತಿ ಶುದ್ಧ, ತಾಳ ನೇರ. ಎಲ್ಲರೂ ಕೂಡಿ ಜಂಟಿ ವರಸೆ ಎತ್ತಿಕೊಂಡಾಗ ಸಂತೆಯಾಯಿತು. ಪ್ರತಿಯೊಂದು ಮಗುವೂ ತನ್ನ ತಾಳಕ್ಕೆ ತಾನೇ ರಾಜ. ಪಕ್ಕದವಳು ಅರ್ಧ ಎಣಿಕೆ ಹಿಂದಾದರೆ ಕಾಯಬೇಕು, ಮುಂದಾದರೆ ಹಿಡಿಯಬೇಕು ಎಂಬುದು ಅವರಿಗೆ ತಿಳಿಯದು. ಉಸಿರು ತೆಗೆದುಕೊಳ್ಳಲು ಒಬ್ಬರು ನಿಂತಾಗ ಉಳಿದವರು ಆ ಸಾಲನ್ನು ಎತ್ತಿ ಹಿಡಿಯುವುದು ಗೊತ್ತಿಲ್ಲ. ಒಬ್ಬ ಹುಡುಗ ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು ಬಹಳ ಶುದ್ಧವಾಗಿ ಹಾಡಿದ.

ಆ ಕಿವಿ ಮುಚ್ಚಿದ ಬೆರಳುಗಳು ನನ್ನನ್ನು ಚಿಂತೆಗೆ ಹಚ್ಚಿದವು. ಭಜನೆಯಾಗಲಿ, ದೇವರನಾಮವಾಗಲಿ, ಶಾಲೆಯ ಪ್ರಾರ್ಥನೆಯಾಗಲಿ, ಹತ್ತು ಕಂಠಗಳು ಕೂಡುವಾಗ ಮಗು ತನ್ನ ಸ್ವರವನ್ನೂ ಪರರ ಸ್ವರವನ್ನೂ ಏಕಕಾಲಕ್ಕೆ ಕೇಳುವುದನ್ನು ಕಲಿಯುತ್ತದೆ. ಅದನ್ನು ಇಂದಿನ ಅಂತರ್ಜಾಲ ಮನೆಗೆ ತಂದುಕೊಡಲಾರದು; ಮೊದಲು ಹೇಳಿದ ಲೆಕ್ಕವೇ ಅದಕ್ಕೆ ಅಡ್ಡ ಬರುತ್ತದೆ. ಕೊರೋನಾ ಕಾಲದಲ್ಲಿ ಕೂಡಿ ಹಾಡುವುದನ್ನು ಎಲ್ಲಕ್ಕಿಂತ ಕೊನೆಗೆ ಆರಂಭಿಸಿದ್ದಕ್ಕೆ ಗಟ್ಟಿಯಾದ ಕಾರಣವಿತ್ತು. 2020ರ ಮಾರ್ಚಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಮಂದಿ ಸೇರಿದ್ದ ವೃಂದಗಾನದ ಒಂದು ಅಭ್ಯಾಸದಿಂದ 53 ಮಂದಿಗೆ ರೋಗ ತಗಲಿತೆಂದು ಎಣಿಸಲಾಯಿತು, ಇಬ್ಬರು ತೀರಿಕೊಂಡರು. ಆ ಭಯ ಅಂದು ನ್ಯಾಯವಾಗಿತ್ತು. ಇಂದು ನಮ್ಮನ್ನು ಪರದೆಯಲ್ಲಿ ಉಳಿಸಿರುವುದು ಸೌಕರ್ಯ.

ಹಾಗಾದರೆ ಪೂರ್ತಿ ಸಭಾಂಗಣಕ್ಕೆ ತಂದುಬಿಡೋಣವೇ? ನಮ್ಮ ತರಗತಿಗೆ ನಾಸಿಕದಿಂದ ಇಬ್ಬರು ಅಕ್ಕತಂಗಿಯರು ಸೇರಿಕೊಳ್ಳುತ್ತಾರೆ. ತಂದೆಗೆ ಅಲ್ಲಿಯ ಕಾರಖಾನೆಯಲ್ಲಿ ಕೆಲಸ. ಪುಣೆ ಅಲ್ಲಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕನ್ನಡದಲ್ಲಿ ಮಾತನಾಡಿ ಸರಳೆ ಹೇಳಿಕೊಡುವವರು ಅವರ ಬಡಾವಣೆಯಲ್ಲಿ ಇಲ್ಲ. ತರಗತಿ ಇಲ್ಲಿಗೆ ಬಂದ ದಿನ ಆ ಮಕ್ಕಳ ಪಾಠ ನಿಲ್ಲುತ್ತದೆ. ಪುಣೆಯಲ್ಲಿಯೇ ಇದ್ದರೂ ಸಂಜೆಯ ವಾಹನ ದಟ್ಟಣೆಯಲ್ಲಿ ಒಂದು ಗಂಟೆ ದಾರಿ ಸವೆಸಿ ಅರ್ಧ ಗಂಟೆಯ ಪಾಠಕ್ಕೆ ಬರುವ ಮಗು ಹಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಆಕಳಿಸುತ್ತಿರುತ್ತದೆ.

ಆದ್ದರಿಂದ ಮಂಡಳಿಯ ಮುಂದೆ ನನ್ನ ಸೂಚನೆ ಇದು. ಹೊಸದಾಗಿ ಸೇರುವ ಮಗು ಮೊದಲ ಮೂರು ತಿಂಗಳು ಎದುರಿಗೆ ಕುಳಿತೇ ಕಲಿಯಲಿ. ಶ್ರುತಿಯಲ್ಲಿ ನಿಲ್ಲುವುದು, ಬಾಯಿ ತೆರೆಯುವುದು, ಬೆನ್ನು ನೇರ ಇಡುವುದು, ಇವನ್ನು ಪರದೆಯಲ್ಲಿ ತಿದ್ದುವುದು ಕಷ್ಟ. ಆಮೇಲೆ ವಾರದ ಪಾಠ ಮನೆಯಿಂದಲೇ ನಡೆಯಲಿ, ಒಂದೊಂದು ಮಗುವಿಗೆ ಹದಿನೈದು ನಿಮಿಷವಾದರೂ ಪ್ರತ್ಯೇಕವಾಗಿ. ಎರಡು ವಾರಕ್ಕೊಂದು ಭಾನುವಾರ ಬೆಳಿಗ್ಗೆ ಎಲ್ಲರೂ ಇಲ್ಲಿ ಸೇರಿ ಕೂಡಿ ಹಾಡಲಿ. ಆ ದಿನ ಹೊಸ ಪಾಠ ಬೇಡ. ದೂರದ ಊರಿನವರು ವರ್ಷಕ್ಕೆ ನಾಲ್ಕು ಸಲವಾದರೂ ಬರುವಂತೆ, ಉತ್ಸವಗಳಿಗೆ ಹೊಂದಿಸಿ ದಿನ ಗೊತ್ತುಮಾಡಬಹುದು. ಅವರ ವಸತಿಗೆ ಮಠದ ಕೋಣೆಗಳಿವೆ. ಎರಡನೆಯ ಫೋನು ಇಲ್ಲದ ಮನೆಗಳಿಗೆ ಎರವಲು ಕೊಡಲು ನಾಲ್ಕೈದು ಶ್ರುತಿಪೆಟ್ಟಿಗೆಗಳನ್ನು ಯಾರಾದರೂ ದಾನಿಗಳು ಕೊಡಿಸಿದರೆ ಉಪಕಾರವಾಗುತ್ತದೆ. ಶುಲ್ಕದ ಮಾತನ್ನು ನಾನು ಆಡುವುದಿಲ್ಲ, ಅದು ಮಂಡಳಿಯವರ ಕೆಲಸ.

ಸಮಯ ಮೀರಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಈಗ ಮಕ್ಕಳು ಸರಳೆ, ಜಂಟಿ ವರಸೆಗಳನ್ನು ಮೂರು ಕಾಲಗಳಲ್ಲಿ ಹಾಡಿ, ಅನಂತರ ಒಂದು ಪಿಳ್ಳಾರಿ ಗೀತೆಯನ್ನು ಹಾಡಲಿದ್ದಾರೆ. ನಾಸಿಕದ ಅಕ್ಕತಂಗಿಯರು ನಿನ್ನೆ ರಾತ್ರಿಯ ಬಸ್ಸಿನಲ್ಲಿ ಬಂದಿದ್ದಾರೆ. ಉಳಿದವರ ಜೊತೆಗೆ ಕುಳಿತು ಹಾಡುವುದು ಅವರಿಗೆ ಇದೇ ಮೊದಲು. ಮೂರನೆಯ ಕಾಲದಲ್ಲಿ ಮಕ್ಕಳು ಓಡಿದರೆ ದಯವಿಟ್ಟು ಹಿರಿಯರು ಗಟ್ಟಿಯಾಗಿ ತಾಳ ಹಾಕಿ ಅವರನ್ನು ನಿಲ್ಲಿಸಬೇಡಿರಿ, ತಾವೇ ಒಬ್ಬರನ್ನೊಬ್ಬರು ಕೇಳಿ ಕೂಡಿಕೊಳ್ಳಲಿ. ಫ್ಯಾನುಗಳನ್ನು ಐದು ನಿಮಿಷ ನಿಲ್ಲಿಸಿರಿ. ಶ್ರುತಿಪೆಟ್ಟಿಗೆ ಐದಕ್ಕೆ ಇರಲಿ.